ಟೆಸ್ಟ್ ಫ್ರೇಮ್‌ವರ್ಕಿಗೆ ಗ್ರೇಡಲ್ ಪ್ಲಗಿನ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಡಿಕೆ ಧಾರಣೆ ಲೆಕ್ಕ ಹಾಕುವ ನಮ್ಮ ತಂತ್ರಾಂಶಕ್ಕೆ ನಾವೇ ಒಂದು ಟೆಸ್ಟ್ ಫ್ರೇಮ್‌ವರ್ಕ್ ಬರೆದುಕೊಂಡಿದ್ದೇವೆ. ರಾಶಿ, ಬೆಟ್ಟೆ, ಸರಕು, ಗೊರಬಲು ಒಂದೊಂದಕ್ಕೂ ಒಂದು ಪಠ್ಯ ಕಡತ. ಅದರಲ್ಲಿ ತೂಕ, ದರ, ಬರಬೇಕಾದ ಮೊತ್ತ. ಇದಕ್ಕೆ ಗ್ರೇಡಲ್ (ಕೋಡ್ ಕಂಪೈಲ್ ಮಾಡಿ ಟೆಸ್ಟ್ ಓಡಿಸುವ ಬಿಲ್ಡ್ ಸಾಧನ) ಪ್ಲಗಿನ್ ಮಾಡಿದೆವು. ಆದರೆ ಬಿಲ್ಡ್ ಕಡತದಲ್ಲಿ ಫೋಲ್ಡರ್ ಹೆಸರು ಬದಲಿಸಿದರೂ ಪ್ಲಗಿನ್ ಮೊದಲಿನ ಫೋಲ್ಡರನ್ನೇ ಓದುತ್ತದೆ. (ವಿನೋಬನಗರ, ಶಿವಮೊಗ್ಗ)

ಉತ್ತರ: ನೀವು ಫೋಲ್ಡರ್ ಹೆಸರಿನ ಮೌಲ್ಯವನ್ನು ಬೇಗ ಓದಿಬಿಡುತ್ತಿದ್ದೀರಿ. ಬಿಲ್ಡ್ ಕಡತದ ಮೇಲ್ಭಾಗದಲ್ಲಿ ಪ್ಲಗಿನ್ ಹೆಸರು ಬಂದ ಕೂಡಲೇ ಅದರ 'ಅಪ್ಲೈ' ಓಡುತ್ತದೆ. ಬಳಕೆದಾರ ಫೋಲ್ಡರ್ ಹೆಸರು ಬರೆದಿರುವ ಸಾಲು ಇನ್ನೂ ಕೆಳಗಿದೆ. ಆಗಲೇ 'ಗೆಟ್' ಕರೆದರೆ ಸಿಗುವುದು ಡೀಫಾಲ್ಟ್ ಮೌಲ್ಯ ಮಾತ್ರ.

ಇದಕ್ಕೆ ಅನೇಕರು 'ಆಫ್ಟರ್‌ಇವ್ಯಾಲ್ಯುಯೇಟ್' (ಬಿಲ್ಡ್ ಕಡತ ಪೂರ್ತಿ ಓದಿದ ಮೇಲೆ ಓಡುವ ಭಾಗ) ಹಾಕಿ ಕೈತೊಳೆದುಕೊಳ್ಳುತ್ತಾರೆ. ಅದನ್ನು ಮಾಡಬೇಡಿ. ಇನ್ನೊಂದು ಪ್ಲಗಿನ್ ಕೂಡ ಅದನ್ನೇ ಮಾಡಿದರೆ ಯಾರು ಮೊದಲು, ಯಾರು ಆಮೇಲೆ ಎಂಬ ಜಗಳ ಶುರುವಾಗುತ್ತದೆ. ಎಕ್ಸ್‌ಟೆನ್ಷನ್ನಿನಲ್ಲಿ (ಬಳಕೆದಾರ ಪ್ಲಗಿನ್ನಿಗೆ ತನ್ನ ಆಯ್ಕೆ ಬರೆಯುವ ಜಾಗ) ಫೋಲ್ಡರನ್ನು 'ಡೈರೆಕ್ಟರಿ ಪ್ರಾಪರ್ಟಿ' ಎಂದು ಘೋಷಿಸಿ, ಡೀಫಾಲ್ಟನ್ನು 'ಕನ್ವೆನ್ಷನ್' ಮೂಲಕ ಕೊಡಿ. ಟಾಸ್ಕಿನಲ್ಲೂ (ಗ್ರೇಡಲ್ ಓಡಿಸುವ ಒಂದು ಕೆಲಸ) ಅಂಥದ್ದೇ ಪ್ರಾಪರ್ಟಿ ಇಟ್ಟು, ಎಕ್ಸ್‌ಟೆನ್ಷನ್ನಿನ ಪ್ರಾಪರ್ಟಿಯನ್ನೇ ಅದಕ್ಕೆ 'ಸೆಟ್' ಮಾಡಿ. ಸೆಟ್ ಮಾಡಬೇಕಾದ್ದು ಮೌಲ್ಯವನ್ನಲ್ಲ, ಕೇಳಿದಾಗ ಮೌಲ್ಯ ಕೊಡುವ ಪ್ರಾಪರ್ಟಿಯನ್ನು. 'ಗೆಟ್' ಬರಬೇಕಾದ್ದು ಟಾಸ್ಕಿನ ಆಕ್ಷನ್ ಒಳಗೆ ಮಾತ್ರ. ಟಾಸ್ಕನ್ನು 'ಕ್ರಿಯೇಟ್' ಬದಲು 'ರಿಜಿಸ್ಟರ್' ಮಾಡಿದರೆ ಬೇಕಾದಾಗ ಮಾತ್ರ ಹುಟ್ಟುತ್ತದೆ.

ಇದೇ ಜಾಗದಲ್ಲಿ ಇನ್ನೊಂದು ಎಡವಟ್ಟು ಕಾದಿರುತ್ತದೆ. ನಿಮ್ಮ ಟಾಸ್ಕನ್ನು 'ಚೆಕ್'ಗೆ (ಎಲ್ಲ ಪರಿಶೀಲನೆಗಳನ್ನೂ ಓಡಿಸುವ ಟಾಸ್ಕ್) ಜೋಡಿಸುವಾಗ ಜಾವಾ ಪ್ಲಗಿನ್ ಇನ್ನೂ ಬಂದಿರದಿದ್ದರೆ, ಆ ಹೆಸರಿನ ಟಾಸ್ಕ್ ಇಲ್ಲ ಎಂದು ಬಿಲ್ಡ್ ನಿಲ್ಲುತ್ತದೆ. ಜೋಡಣೆಯನ್ನು 'ವಿತ್‌ಪ್ಲಗಿನ್' ಒಳಗೆ ಬರೆಯಿರಿ. ಆಗ ಎರಡರಲ್ಲಿ ಯಾವುದು ಮೊದಲು ಬಂದರೂ ತೊಂದರೆಯಿಲ್ಲ.

ಪ್ರಶ್ನೆ: ಪ್ಲಗಿನ್ ಒಳಗಿಂದಲೇ ಫ್ರೇಮ್‌ವರ್ಕನ್ನು ಕರೆಯುತ್ತೇವೆ. ಕೆಲವು ಪ್ರಾಜೆಕ್ಟುಗಳಲ್ಲಿ 'ನೋ ಸಚ್ ಮೆಥಡ್ ಎರರ್' ಬರುತ್ತದೆ. ವಿಂಡೋಸ್‌ನಲ್ಲಿ ಒಮ್ಮೆ ಓಡಿಸಿದ ಮೇಲೆ 'ಕ್ಲೀನ್' ಆಗುವುದಿಲ್ಲ, ಜಾರ್ ಕಡತ (ಕಂಪೈಲ್ ಆದ ಕೋಡಿನ ಕಟ್ಟು) ಬಳಕೆಯಲ್ಲಿದೆ ಎನ್ನುತ್ತದೆ. (ತೀರ್ಥಹಳ್ಳಿ)

ಉತ್ತರ: ಎರಡಕ್ಕೂ ಬೇರು ಒಂದೇ. ಬಿಲ್ಡ್ ನಡೆಯುವ ಜೆವಿಎಂ (ಜಾವಾ ಕೋಡ್ ಓಡಿಸುವ ವರ್ಚುವಲ್ ಮಷೀನ್) ಒಳಗೆ ಟೆಸ್ಟ್ ಓಡಬಾರದು. ಪ್ಲಗಿನ್ ತಂದ ಜೆಯುನಿಟ್ (ಜಾವಾದ ಟೆಸ್ಟ್ ಲೈಬ್ರರಿ) ಒಂದು ಆವೃತ್ತಿ, ಪ್ರಾಜೆಕ್ಟಿನದು ಇನ್ನೊಂದು. ಎರಡೂ ಒಂದೇ ಕಡೆ ಸೇರಿದಾಗ ಯಾವುದೋ ಒಂದು ಗೆಲ್ಲುತ್ತದೆ, ಸೋತದ್ದರ ಮೆಥಡ್ ಸಿಗುವುದಿಲ್ಲ. ಇನ್ನು ಜಾರ್ ಹಿಡಿದುಕೊಂಡಿರುವುದು ಗ್ರೇಡಲ್ ಡೀಮನ್, ಅಂದರೆ ಹಿನ್ನೆಲೆಯಲ್ಲಿ ಓಡುವ ಗ್ರೇಡಲ್. ಬಿಲ್ಡ್ ಮುಗಿದರೂ ಅದು ಸಾಯುವುದಿಲ್ಲ, ಕೆಲಸವಿಲ್ಲದೆ 3 ಗಂಟೆ ಕಾಯುತ್ತದೆ. ನೀವು ತೆರೆದ ಕ್ಲಾಸ್‌ಲೋಡರ್ ಮುಚ್ಚದಿದ್ದರೆ ಅಷ್ಟು ಹೊತ್ತೂ ಕಡತ ಬಿಗಿಯಾಗಿರುತ್ತದೆ. ಯಾರದೋ ಟೆಸ್ಟಿನಲ್ಲಿ 'ಸಿಸ್ಟಮ್ ಎಕ್ಸಿಟ್' ಇದ್ದರಂತೂ ಡೀಮನ್ನೇ ಬಿದ್ದುಹೋಗುತ್ತದೆ; ಪರದೆಯ ಮೇಲೆ ಡೀಮನ್ ಇದ್ದಕ್ಕಿದ್ದಂತೆ ಕಾಣೆಯಾಯಿತು ಎಂಬ ಸಂದೇಶವಷ್ಟೇ ಉಳಿಯುತ್ತದೆ.

ಹಾಗಾಗಿ ಪ್ಲಗಿನ್ನನ್ನು ತೆಳ್ಳಗಿಡಿ. ಫ್ರೇಮ್‌ವರ್ಕಿಗೆಂದೇ ಪ್ರತ್ಯೇಕ ಕಾನ್ಫಿಗರೇಷನ್ (ಬೇಕಾದ ಲೈಬ್ರರಿಗಳ ಪಟ್ಟಿ) ಮಾಡಿ, ಡೀಫಾಲ್ಟ್ ಆವೃತ್ತಿಯನ್ನು 'ಡೀಫಾಲ್ಟ್ ಡಿಪೆಂಡೆನ್ಸೀಸ್' ಮೂಲಕ ಕೊಡಿ. ಬಳಕೆದಾರ ಬೇರೆ ಆವೃತ್ತಿ ಬರೆದರೆ ಅವನದೇ ನಿಲ್ಲುತ್ತದೆ. ಆ ಕಾನ್ಫಿಗರೇಷನ್ ಮತ್ತು ಟೆಸ್ಟಿನ ರನ್‌ಟೈಮ್ ಕ್ಲಾಸ್‌ಪಾತ್ ಎರಡನ್ನೂ ಸೇರಿಸಿ 'ಎಕ್ಸೆಕ್ ಆಪರೇಷನ್ಸ್' ಬಳಸಿ ಬೇರೆ ಜೆವಿಎಂ ಎಬ್ಬಿಸಿ. ಗ್ರೇಡಲ್‌ನ ಸ್ವಂತ ಟೆಸ್ಟ್ ಟಾಸ್ಕ್ ಮಾಡುವುದೂ ಇದನ್ನೇ.

ಹೀಪ್ (ಜೆವಿಎಂ ಬಳಸುವ ಮೆಮೊರಿ) ಮಿತಿಯನ್ನು ಮರೆಯಬೇಡಿ. ಗ್ರೇಡಲ್‌ನ ಟೆಸ್ಟ್ ಟಾಸ್ಕಿಗೆ ಡೀಫಾಲ್ಟ್ 512 ಎಂಬಿ. ನೀವೇ ಎಬ್ಬಿಸಿದ ಜೆವಿಎಂಗೆ ಮಿತಿ ಹೇಳದಿದ್ದರೆ ಅದು ಸಾಮಾನ್ಯವಾಗಿ ಯಂತ್ರದ ಮೆಮೊರಿಯ ಕಾಲುಭಾಗದವರೆಗೆ ಬೆಳೆಯಬಹುದು. 8 ಜಿಬಿ ಲ್ಯಾಪ್‌ಟಾಪಿನಲ್ಲಿ ನಾಲ್ಕು ಮಾಡ್ಯೂಲ್ ಒಟ್ಟಿಗೆ ಓಡಿದರೆ ಏನಾಗುತ್ತದೆ ಎಂದು ನೀವೇ ಲೆಕ್ಕ ಹಾಕಿ.

ಎಕ್ಸಿಟ್ ಕೋಡನ್ನೂ ಬೇರ್ಪಡಿಸಿ: 0 ಎಂದರೆ ಪಾಸು, 1 ಎಂದರೆ ಟೆಸ್ಟ್ ಸೋತಿದೆ, ಉಳಿದದ್ದೆಲ್ಲ ಫ್ರೇಮ್‌ವರ್ಕೇ ಕುಸಿದಿದೆ. ಎರಡಕ್ಕೂ ಒಂದೇ ಸಂದೇಶ ಕೊಟ್ಟರೆ ಬಳಕೆದಾರ ಇಲ್ಲದ ತಪ್ಪನ್ನು ತನ್ನ ಲೆಕ್ಕದಲ್ಲಿ ಹುಡುಕುತ್ತಾ ಕೂರುತ್ತಾನೆ.

ಪ್ರಶ್ನೆ: ಏನೂ ಬದಲಾಗದಿದ್ದರೂ ಪ್ರತಿ ಸಲ ಎಲ್ಲ ಟೆಸ್ಟ್ ಮತ್ತೆ ಓಡುತ್ತವೆ. (ಸಾಗರ)

ಉತ್ತರ: ಟಾಸ್ಕಿಗೆ ಔಟ್‌ಪುಟ್ ಘೋಷಿಸಿಲ್ಲ. ಔಟ್‌ಪುಟ್ ಇಲ್ಲದ ಟಾಸ್ಕ್ 'ಅಪ್ ಟು ಡೇಟ್' (ಮತ್ತೆ ಓಡಿಸುವ ಅಗತ್ಯವಿಲ್ಲ) ಆಗುವುದೇ ಇಲ್ಲ. ವರದಿಯ ಫೋಲ್ಡರನ್ನು ಔಟ್‌ಪುಟ್ ಎಂದು ಗುರುತಿಸಿ. ಅದಾದ ಮೇಲೂ ಓಡಿದರೆ 'ಇನ್ಫೋ' ಫ್ಲ್ಯಾಗ್ ಹಾಕಿ ನೋಡಿ, ಯಾವ ಇನ್‌ಪುಟ್ ಬದಲಾಯಿತೆಂದು ಗ್ರೇಡಲ್ ಹೆಸರು ಹಿಡಿದು ಹೇಳುತ್ತದೆ. ಹೆಚ್ಚಾಗಿ ಅದು ಯಾರೋ ಇನ್‌ಪುಟ್ ಆಗಿ ಸೇರಿಸಿದ ಇವತ್ತಿನ ದಿನಾಂಕ. ಬಿಲ್ಡ್ ಕ್ಯಾಶ್ (ಹಿಂದಿನ ಓಟದ ಫಲಗಳನ್ನು ಮರುಬಳಕೆಗೆ ಇಡುವ ಜಾಗ) ಹಂಚಿಕೊಳ್ಳುವುದಾದರೆ ಕಡತಗಳ 'ಪಾತ್ ಸೆನ್ಸಿಟಿವಿಟಿ'ಯನ್ನು 'ರಿಲೇಟಿವ್' ಮಾಡಿ. ಡೀಫಾಲ್ಟ್ ಪೂರ್ಣ ಹಾದಿಯಾದ್ದರಿಂದ ಸಾಗರದ ಯಂತ್ರದಲ್ಲಿ ಆದದ್ದು ಬೆಂಗಳೂರಿನ ಸರ್ವರಿನಲ್ಲಿ ಹೊಂದುವುದಿಲ್ಲ. ಸೋತ ಟಾಸ್ಕ್ ಮಾತ್ರ ಮತ್ತೆ ಓಡಲೇಬೇಕು, ಅದು ದೋಷವಲ್ಲ.

ಪ್ರಶ್ನೆ: ಟೆಸ್ಟಿನ ಹೆಸರುಗಳನ್ನು ಕನ್ನಡದಲ್ಲೇ ಬರೆದಿದ್ದೇವೆ. ವರದಿಯಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ. ಕೆಲವು ಹೆಸರಿಗಂತೂ ವರದಿ ಕಡತವೇ ಹುಟ್ಟುವುದಿಲ್ಲ. (ಹೊಸನಗರ)

ಉತ್ತರ: ಕನ್ನಡದಲ್ಲಿ ಬರೆದದ್ದು ಸರಿಯಾಗಿಯೇ ಇದೆ, ಬದಲಿಸಬೇಡಿ. ಮೊದಲ ತೊಂದರೆ ಎನ್‌ಕೋಡಿಂಗ್, ಅಂದರೆ ಅಕ್ಷರವನ್ನು ಬೈಟ್‌ಗಳಾಗಿ ಬರೆಯುವ ಕ್ರಮ. ಜೆಡಿಕೆ (ಜಾವಾ ಡೆವಲಪ್‌ಮೆಂಟ್ ಕಿಟ್) 18ರಿಂದ ಡೀಫಾಲ್ಟ್ ಯುಟಿಎಫ್-8. ಅದಕ್ಕೂ ಹಿಂದಿನದರಲ್ಲಿ ಆಪರೇಟಿಂಗ್ ಸಿಸ್ಟಮ್ಮಿನದು. ಜಾವಾ ಕಂಪೈಲ್ ಟಾಸ್ಕಿಗೆ, ನೀವು ಎಬ್ಬಿಸುವ ಜೆವಿಎಂಗೆ, ವರದಿ ಬರೆಯುವ ಕೋಡಿಗೆ, ಮೂರೂ ಕಡೆ ಯುಟಿಎಫ್-8 ಎಂದು ಸ್ಪಷ್ಟವಾಗಿ ಬರೆಯಿರಿ. ಒಂದು ಕಡೆ ತಪ್ಪಿದರೂ ಅಕ್ಷರ ಕೆಡುತ್ತದೆ.

ಎರಡನೆಯದು ಕಡತದ ಹೆಸರಿನ ಉದ್ದ. ಲಿನಕ್ಸ್‌ನ ಸಾಮಾನ್ಯ ಕಡತ ವ್ಯವಸ್ಥೆಗಳಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಕನ್ನಡದ ಪ್ರತಿ ಸಂಕೇತಕ್ಕೂ ಯುಟಿಎಫ್-8ರಲ್ಲಿ 3 ಬೈಟ್. 'ತೀರ್ಥಹಳ್ಳಿ' ಕಣ್ಣಿಗೆ 4 ಅಕ್ಷರ. ಒಳಗೆ ತ, ದೀರ್ಘ ಈ ಗುಣಿತ, ರ, ವಿರಾಮ, ಥ, ಹ, ಳ, ವಿರಾಮ, ಳ, ಇ ಗುಣಿತ, ಹೀಗೆ 10 ಸಂಕೇತ, ಅಂದರೆ 30 ಬೈಟ್. 85 ಸಂಕೇತಕ್ಕೆ ಮಿತಿ ಮುಗಿಯಿತು; ಟೆಸ್ಟಿಗೆ ಒಂದು ಪೂರ್ಣ ವಾಕ್ಯದ ಹೆಸರಿಟ್ಟರೆ ಸುಲಭವಾಗಿ ದಾಟುತ್ತದೆ. ಕಡತಕ್ಕೆ ಕ್ಲಾಸಿನ ಹೆಸರೋ ಕ್ರಮಸಂಖ್ಯೆಯೋ ಇಟ್ಟು, ಕನ್ನಡದ ಹೆಸರನ್ನು ವರದಿಯ ಒಳಗೆ ಬರೆಯಿರಿ.

ಇಲ್ಲೇ ಇನ್ನೊಂದು ಸೂಕ್ಷ್ಮ. ದೀರ್ಘ 'ತೀ'ಯ ಗುಣಿತವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಹ್ರಸ್ವ ಗುಣಿತ ಮತ್ತು ದೀರ್ಘ ಚಿಹ್ನೆ ಎಂದು ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಹೋಲಿಕೆಯಲ್ಲಿ ಬೇರೆ ಬೇರೆ. ಹೆಸರಿನಿಂದ ಟೆಸ್ಟ್ ಆರಿಸುವ ಸೌಲಭ್ಯ ಕೊಡುವುದಾದರೆ ಹೋಲಿಸುವ ಮುನ್ನ ಎರಡೂ ಬದಿಯನ್ನು ಎನ್‌ಎಫ್‌ಸಿ (ಜೋಡಿ ಸಂಕೇತಗಳನ್ನು ಒಂದಾಗಿಸುವ ಯೂನಿಕೋಡ್ ರೂಪ) ರೂಪಕ್ಕೆ ತನ್ನಿ. ಜಾವಾದಲ್ಲಿ 'ನಾರ್ಮಲೈಸರ್' ಕ್ಲಾಸ್ ಇದಕ್ಕೇ ಇದೆ.

ಪ್ರಶ್ನೆ: ಮಳೆಗಾಲದಲ್ಲಿ ಇಲ್ಲಿ ದಿನಗಟ್ಟಲೆ ನೆಟ್ ಇರುವುದಿಲ್ಲ. ಪ್ಲಗಿನ್ನನ್ನೇ ಪರೀಕ್ಷಿಸುವ ಟೆಸ್ಟ್‌ಕಿಟ್ ಆಫ್‌ಲೈನ್ ಫ್ಲ್ಯಾಗ್ ಹಾಕಿದರೂ ಸೋಲುತ್ತದೆ. (ಆಗುಂಬೆ ಸಮೀಪ)

ಉತ್ತರ: ಆ ಫ್ಲ್ಯಾಗ್ ಹೊರಗಿನ ಬಿಲ್ಡಿಗೆ ಮಾತ್ರ ತಗುಲಿದೆ. ಟೆಸ್ಟ್‌ಕಿಟ್ ಎಬ್ಬಿಸುವ ಒಳಗಿನ ಬಿಲ್ಡಿಗೆ 'ವಿತ್ ಆರ್ಗ್ಯುಮೆಂಟ್ಸ್'ನಲ್ಲಿ ಇನ್ನೊಮ್ಮೆ ಕೊಡಬೇಕು. ಅದಕ್ಕೆ ತನ್ನದೇ ಪ್ರತ್ಯೇಕ ಗ್ರೇಡಲ್ ಹೋಮ್ (ಇಳಿಸಿದ ಕಡತಗಳನ್ನಿಡುವ ಫೋಲ್ಡರ್) ಕೂಡ ಇರುತ್ತದೆ. ನಿಮ್ಮ ಕ್ಯಾಶ್‌ನಲ್ಲಿರುವ ಜಾರ್‌ಗಳು ಅದಕ್ಕೆ ಕಾಣುವುದಿಲ್ಲ. ಆ ಜಾಗ ತಾತ್ಕಾಲಿಕವಾದ್ದರಿಂದ ಅಳಿಸಿಹೋದರೆ ಮತ್ತೆ ಎಲ್ಲವನ್ನೂ ಇಳಿಸಿಕೊಳ್ಳಬೇಕಾಗುತ್ತದೆ. 'ವಿತ್ ಟೆಸ್ಟ್‌ಕಿಟ್ ಡಿರ್' ಮೂಲಕ ಬಿಲ್ಡ್ ಫೋಲ್ಡರಿನ ಹೊರಗೆ ಶಾಶ್ವತ ಜಾಗ ಕೊಟ್ಟು, ನೆಟ್ ಇರುವಾಗ ಒಮ್ಮೆ ಪೂರ್ತಿ ಓಡಿಸಿಡಿ. ಸ್ನ್ಯಾಪ್‌ಶಾಟ್ (ಇನ್ನೂ ಬದಲಾಗುತ್ತಿರುವ) ಆವೃತ್ತಿಗಳನ್ನು ಬಿಟ್ಟು ನಿಶ್ಚಿತ ಆವೃತ್ತಿ ಬಳಸಿ: ಸ್ನ್ಯಾಪ್‌ಶಾಟ್ ಕ್ಯಾಶ್ ಡೀಫಾಲ್ಟಾಗಿ 24 ಗಂಟೆಗೆ ಹಳತಾಗುತ್ತದೆ, ಆಮೇಲೆ ಫ್ಲ್ಯಾಗ್ ಇಲ್ಲದ ಬಿಲ್ಡ್ ನೆಟ್ ಹುಡುಕಿ ಸೋಲುತ್ತದೆ.

ಟೆಸ್ಟ್‌ಕಿಟ್‌ನಲ್ಲಿ ಕನಿಷ್ಠ ಮೂರು ಸಂದರ್ಭ ಬರೆಯಿರಿ. ಮೊದಲ ಓಟದ ಫಲ 'ಸಕ್ಸೆಸ್', ಅದನ್ನೇ ಮತ್ತೆ ಓಡಿಸಿದಾಗ 'ಅಪ್ ಟು ಡೇಟ್', ಬೇಕೆಂದೇ ತಪ್ಪು ಮೊತ್ತ ಇಟ್ಟ ಕಡತಕ್ಕೆ 'ಬಿಲ್ಡ್ ಅಂಡ್ ಫೇಲ್' ಕರೆದಾಗ 'ಫೇಲ್ಡ್'. ಸಾಧ್ಯವಾದರೆ ಕಾನ್ಫಿಗರೇಷನ್ ಕ್ಯಾಶ್ (ಬಿಲ್ಡ್ ಸಿದ್ಧತೆಯನ್ನು ಉಳಿಸಿ ಮರುಬಳಸುವ ಸೌಲಭ್ಯ) ಹಚ್ಚಿಯೂ ಎರಡು ಸಲ ಓಡಿಸಿ. ಟಾಸ್ಕಿನ ಆಕ್ಷನ್ ಒಳಗೆ ಎಲ್ಲಾದರೂ 'ಪ್ರಾಜೆಕ್ಟ್' ಮುಟ್ಟಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.