ನಿಮ್ಮ ಲೇಖನದಲ್ಲಿ ಬೆಟ್ಟ ಏಳಬೇಕು

ಮಾಸ್ತರರೇ, ನಮಸ್ಕಾರ.

ಬೆಟ್ಟದಿಂದ ಇಳಿದ ಹೊಳೆ ಬಯಲಿಗೆ ಬರುವಲ್ಲಿ ಬೀಸಣಿಗೆಯ ಆಕಾರದಲ್ಲಿ ಹಾಸುವ ಕಲ್ಲುಮಣ್ಣಿನ ಬಗ್ಗೆ ಗದಗದಿಂದ ನೀವು ಕಳಿಸಿದ ‘ಕಣಿವೆಯ ಮೆಕ್ಕಲು ಬೀಸಣಿಗೆಗಳು’ ಲೇಖನ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ. ಅದಕ್ಕೇ ಈ ಪತ್ರ.

ಮೊದಲು ಹಿಡಿಸಿದ್ದು ಹೇಳುತ್ತೇನೆ. ಮಳೆ ನಿಂತ ಮೇಲೆ ಕಪ್ಪತಗುಡ್ಡದ ಕೆಳಗೆ ಹಳ್ಳ ಬಯಲಿಗೆ ಇಳಿಯುವಲ್ಲಿ ನೀವು ಕಂಡದ್ದು: ಮೊದಲು ಮುಷ್ಟಿ ಗಾತ್ರದ ಕಲ್ಲು, ಮುಂದೆ ಹರಳು, ಅದರಾಚೆ ಮರಳು, ಕೊನೆಗೆ ಕೆಸರು. ನೀರು ಹರಡಿಕೊಂಡು ಜೋರು ಕಳೆದುಕೊಂಡಾಗ ಭಾರದ್ದನ್ನು ಮೊದಲು ಬಿಡುತ್ತದೆ ಎಂಬುದು ಓದುಗರಿಗೆ ಅಲ್ಲೇ ತಿಳಿಯುತ್ತದೆ. ಆ ಪ್ಯಾರಾ ಮುಟ್ಟಬೇಡಿ.

ಆದರೆ ಅದರ ಬೆನ್ನಿಗೇ ‘ಲಡಾಖಿನಲ್ಲೂ ಇದೇ ಕಥೆ’ ಎಂದು ಬರೆದುಬಿಟ್ಟಿದ್ದೀರಿ. ಅದು ತಪ್ಪು. ಕಪ್ಪತಗುಡ್ಡದ ಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು. ಆ ಗುಡ್ಡ ಈಗ ಸವೆಯುತ್ತಿದೆ ಅಷ್ಟೇ. ಹಿಮಾಲಯದಲ್ಲಿ ಬೆಟ್ಟ ಇನ್ನೂ ಏಳುತ್ತಿದೆ. ನಿಮ್ಮ ವಿಷಯ ಇರುವುದೇ ಆ ವ್ಯತ್ಯಾಸದಲ್ಲಿ ಅಲ್ವಾ? ಹೊಳೆ ಕೊರೆಯುವುದಕ್ಕಿಂತ ಬೇಗ ಬೆಟ್ಟ ಎದ್ದರೆ, ಕಲ್ಲುಮಣ್ಣು ಬೀಸಣಿಗೆಯ ತಲೆಯ, ಅಂದರೆ ಬೆಟ್ಟದ ಬುಡದ, ಹತ್ತಿರವೇ ಪೇರಿಕೊಳ್ಳುತ್ತದೆ. ಏಳುವುದು ನಿಧಾನವಾದರೆ, ಹೊಳೆ ತಾನೇ ಹಾಸಿದ್ದನ್ನು ಕೊರೆದು ಇನ್ನೂ ಕೆಳಗೆ ಒಯ್ದು ಹಾಕುತ್ತದೆ. ಹಳೆಯ ಹಾಸು ನೀರಿಗೆ ಸಿಗದೆ ಎತ್ತರದಲ್ಲಿ ಉಳಿಯುತ್ತದೆ. ಇದು ನಿಮ್ಮ ಹನ್ನೊಂದು ಪುಟದಲ್ಲಿ ಎಲ್ಲೂ ಇಲ್ಲ. ನಿಮ್ಮ ಬೀಸಣಿಗೆ ಒಮ್ಮೆ ಹುಟ್ಟಿ ಸುಮ್ನೆ ಬಿದ್ದುಕೊಂಡಿದೆ.

ಅಮೆರಿಕದ ಡೆತ್ ವ್ಯಾಲಿಯನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದು ನೋಡಿ ಬೇಜಾರಾಯಿತು. ಲೇಖನದ ಜೀವ ಅಲ್ಲೇ ಇತ್ತು! ಒಂದೇ ಕಣಿವೆ, ಎರಡು ಮಗ್ಗುಲು. ಪಶ್ಚಿಮದಲ್ಲಿ ಪಾನಮಿಂಟ್ ಬೆಟ್ಟಗಳಿಂದ ಇಳಿದ ಬೀಸಣಿಗೆಗಳು ಕಿಲೋಮೀಟರುಗಟ್ಟಲೆ ಹರಡಿ ಒಂದಕ್ಕೊಂದು ಕೂಡಿಕೊಂಡಿವೆ. ಪೂರ್ವದಲ್ಲಿ ಬ್ಲ್ಯಾಕ್ ಮೌಂಟನ್ಸ್ ಬುಡದಲ್ಲಿರುವವು ಚಿಕ್ಕವು, ಕಡಿದಾದವು. ಯಾಕೆ? ಕಣಿವೆಯ ತಳ ಪೂರ್ವಕ್ಕೆ ವಾಲಿ, ಅಲ್ಲಿನ ಸ್ತರಭಂಗದ (ನೆಲದ ಕಲ್ಲು ಸೀಳಿ ಜರುಗುವ ಬಿರುಕಿನ) ಗುಂಟ ಕುಸಿಯುತ್ತಿದೆ. ಬೀಸಣಿಗೆ ಬೆಳೆಯುವಷ್ಟರಲ್ಲಿ ಅದರ ಅಂಚು ಉಪ್ಪು, ಕೆಸರಿನಡಿ ಹೂತುಹೋಗುತ್ತದೆ. ಇದಕ್ಕೆ ಎರಡು ಪುಟ ಕೊಡಿ.

ಇನ್ನೊಂದು ಮಾತು. ಕೊರೆದ ಪ್ರತಿ ಬೀಸಣಿಗೆಗೂ ಭೂಕಂಪವನ್ನೇ ಕಾರಣ ಮಾಡಿದ್ದೀರಿ. ಹವಾಮಾನ ಬದಲಾಗಿ ನೀರು ಹೆಚ್ಚಿದರೂ, ಬರುವ ಕಲ್ಲುಮಣ್ಣು ಕಮ್ಮಿಯಾದರೂ ಹೊಳೆ ಕೊರೆಯುತ್ತದೆ. ಬೀಸಣಿಗೆಯನ್ನೇ ಅಡ್ಡ ಸೀಳಿದ ಮೆಟ್ಟಿಲಿನಂಥ ದಿಬ್ಬ ಕಂಡರೆ ಮಾತ್ರ ಸ್ತರಭಂಗದ ಹೆಸರನ್ನು ಧೈರ್ಯವಾಗಿ ಹೇಳಿ.

ಕೊನೆಯ ‘ಪ್ರಕೃತಿಯ ಮುನಿಸು’ ಭಾಗ ಪೂರ್ತಿ ತೆಗೆಯಿರಿ. ಲೇಹ್ ಪಟ್ಟಣ ಇಂಥ ಬೀಸಣಿಗೆಯ ಮೇಲೇ ಇದೆ. 2010ರ ಆಗಸ್ಟಿನಲ್ಲಿ ಮೇಘಸ್ಫೋಟವಾಗಿ ಕಲ್ಲುಕೆಸರು ನುಗ್ಗಿದಾಗ ಆ ಭಾಗದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಆ ನೆಲವನ್ನು ಕಟ್ಟಿದ್ದೇ ಅಂಥ ಪ್ರವಾಹಗಳು. ಅಷ್ಟನ್ನು ನೇರವಾಗಿ ಬರೆಯಿರಿ, ಸಾಕು.

ತಿದ್ದಿದ ಪ್ರತಿ ಆರು ಪುಟ ಮೀರದಿರಲಿ. ಡೆತ್ ವ್ಯಾಲಿಯ ಅಡ್ಡಸೀಳು ಚಿತ್ರವನ್ನು ನೀವೇ ಬರೆದು ಕಳಿಸಿ. ಕಾಯುತ್ತಿರುತ್ತೇನೆ.

ಸಂಪಾದಕ, ಧಾರವಾಡ