ಮೂತ್ರ ಸರಾಗವಾಗಿದ್ದರೂ ಮೂತ್ರಪಿಂಡ ಕುಂದಬಹುದೇ?

ಪ್ರಶ್ನೆ: ನನಗೆ 52 ವರ್ಷ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇವೆ. ಕ್ರಿಯಾಟಿನಿನ್ ಏರಿದೆ, ಕಿಡ್ನಿಯ ಶಕ್ತಿ ಕುಂದಿದೆ ಎಂದು ವೈದ್ಯರು ಹೇಳಿದ್ದಾರೆ. ಆದರೆ ಮೂತ್ರ ಮೊದಲಿನಂತೆಯೇ ಹೋಗುತ್ತಿದೆ, ನೋವಾಗಲೀ ಊತವಾಗಲೀ ಇಲ್ಲ. ಇದು ಹೇಗೆ ಸಾಧ್ಯ? ಹೆಚ್ಚು ನೀರು ಕುಡಿದರೆ ಸರಿಹೋಗುವುದೇ?

ಉತ್ತರ: ಮೂತ್ರ ಎಷ್ಟು ಹೋಗುತ್ತದೆ ಎಂಬುದರಿಂದ ಮೂತ್ರಪಿಂಡಗಳ ಆರೋಗ್ಯವನ್ನು ತಿಳಿಯಲಾಗದು. ಒಂದೊಂದು ಮೂತ್ರಪಿಂಡದಲ್ಲೂ ನೆಫ್ರಾನ್ ಎಂಬ ಸುಮಾರು 10 ಲಕ್ಷ ಸೂಕ್ಷ್ಮ ಘಟಕಗಳಿದ್ದು, ಅವೆಲ್ಲ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಶೇಕಡಾ 99ರಷ್ಟು ನೀರು, ಜೊತೆಗೆ ದೇಹಕ್ಕೆ ಬೇಕಾದ ಸಕ್ಕರೆ ಮತ್ತು ಲವಣಗಳು, ನೆಫ್ರಾನ್‌ಗಳ ನಾಳಗಳಲ್ಲಿಯೇ ರಕ್ತಕ್ಕೆ ಮರಳುತ್ತವೆ. ಹೊರಬರುವುದು ಒಂದೂವರೆ ಲೀಟರಿನಷ್ಟು ಮಾತ್ರ. ಹಾಗಾಗಿ ಸೋಸುವಿಕೆ ಅರ್ಧಕ್ಕಿಳಿದರೂ, ಮರಳುವ ನೀರಿನ ಶೇಕಡಾವಾರು ಪಾಲು ತುಸು ಕಡಿಮೆಯಾದರೆ ಸಾಕು, ಮೂತ್ರದ ಪ್ರಮಾಣ ಬದಲಾಗುವುದಿಲ್ಲ. ಕುಂದುವುದು ಕಲ್ಮಶವನ್ನು ಹೊರಹಾಕುವ ಸಾಮರ್ಥ್ಯ. ಸ್ನಾಯುಗಳಲ್ಲಿ ಹುಟ್ಟುವ ಕ್ರಿಯಾಟಿನಿನ್ ರಕ್ತದಲ್ಲಿ ಉಳಿಯತೊಡಗುವುದು ಇದರ ಗುರುತು. ಉಳಿದ ನೆಫ್ರಾನ್‌ಗಳು ಹೆಚ್ಚು ದುಡಿದು ಕೊರತೆಯನ್ನು ತುಂಬುವುದರಿಂದ ಕಾಯಿಲೆ ಬಹುಕಾಲ ನೋವಿಲ್ಲದೆ, ಊತವಿಲ್ಲದೆ ಮುಂದುವರಿಯುತ್ತದೆ. ನನ್ನ ಮಟ್ಟಿಗೆ ಇದರಲ್ಲಿ ಅತ್ಯಂತ ಆತಂಕದ ಸಂಗತಿಯೇ ಇದು.

ಸಕ್ಕರೆ ಮತ್ತು ರಕ್ತದೊತ್ತಡ ಹತೋಟಿ ತಪ್ಪಿದಾಗ ನೆಫ್ರಾನ್‌ನೊಳಗಿನ ನವಿರಾದ ರಕ್ತನಾಳಗಳು ಹಾಳಾಗಿ, ರಕ್ತದಲ್ಲೇ ಉಳಿಯಬೇಕಾದ ಅಲ್ಬುಮಿನ್ ಎಂಬ ಪ್ರೋಟೀನು ಮೂತ್ರಕ್ಕೆ ಸೋರುತ್ತದೆ. ಕ್ರಿಯಾಟಿನಿನ್ ಏರುವ ಮೊದಲೇ ಈ ಸೋರಿಕೆ ಕಾಣಿಸಬಹುದಾದ್ದರಿಂದ, ಸಕ್ಕರೆ ಕಾಯಿಲೆಯುಳ್ಳವರು ವರ್ಷಕ್ಕೊಮ್ಮೆಯಾದರೂ ಮೂತ್ರದ ಅಲ್ಬುಮಿನ್ ಪರೀಕ್ಷೆ ಮಾಡಿಸಲೇಬೇಕು.

ಕೆಂಪು ರಕ್ತಕಣಗಳ ಉತ್ಪತ್ತಿಗೆ ಬೇಕಾದ ಎರಿತ್ರೊಪೊಯೆಟಿನ್ ಹಾರ್ಮೋನನ್ನು ತಯಾರಿಸುವುದು, ಡಿ ಜೀವಸತ್ವವನ್ನು ದೇಹ ಬಳಸಬಲ್ಲ ರೂಪಕ್ಕೆ ತರುವುದು, ರಕ್ತದ ಆಮ್ಲೀಯತೆ ಮತ್ತು ಪೊಟ್ಯಾಸಿಯಮ್ ಮಟ್ಟವನ್ನು ಕಾಯುವುದು ಕೂಡ ಮೂತ್ರಪಿಂಡಗಳ ಕೆಲಸವೇ. ಈ ಕಾರಣದಿಂದಲೇ ಕಾಯಿಲೆ ಮುಂದುವರಿದವರಲ್ಲಿ ರಕ್ತಹೀನತೆ ಕಾಣುತ್ತದೆ, ಮೂಳೆಗಳು ದುರ್ಬಲವಾಗುತ್ತವೆ. ಪೊಟ್ಯಾಸಿಯಮ್ ಅತಿಯಾದರೆ ಹೃದಯದ ಲಯವೇ ತಪ್ಪಬಹುದು.

ಇನ್ನು ನೀರಿನ ಮಾತು. ಬಾಯಾರಿಕೆಗೆ ತಕ್ಕಷ್ಟು ಕುಡಿಯಿರಿ; ಹಾಳಾದ ನೆಫ್ರಾನ್‌ಗಳನ್ನು ನೀರು ಮರಳಿ ತಾರದು, ಊತ ಅಥವಾ ಹೃದಯದ ತೊಂದರೆ ಇರುವವರಿಗೆ ಅತಿಯಾದ ನೀರು ಅಪಾಯವೂ ಹೌದು. ಸಕ್ಕರೆ ಮತ್ತು ರಕ್ತದೊತ್ತಡವನ್ನು ಹತೋಟಿಯಲ್ಲಿಡುವುದು, ಉಪ್ಪನ್ನು ತಗ್ಗಿಸುವುದು, ಧೂಮಪಾನವಿದ್ದರೆ ಬಿಡುವುದು ಮುಖ್ಯ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನುಂಗಬೇಡಿ. ಅಲ್ಬುಮಿನ್ ಪರೀಕ್ಷೆ ಇನ್ನೂ ಆಗಿಲ್ಲದಿದ್ದರೆ, ಮುಂದಿನ ಭೇಟಿಯಲ್ಲಿ ಅದನ್ನು ನೀವೇ ಕೇಳಿ ಮಾಡಿಸಿಕೊಳ್ಳಿ.