ಕೊರತೆ ಗೊತ್ತಿದ್ದೂ ನಮ್ಮ ಮನೆಗೆ ಮತ್ತೆ ಮತ್ತೆ ಮಾರುತಿಯೇ ಯಾಕೆ ಬಂತು?

"ಅಪಘಾತ ಪರೀಕ್ಷೆಯಲ್ಲಿ ಅಷ್ಟು ಕಳಪೆ ಅಂಕ ಬಂದರೂ ಕೆಲವರು ಮಾರುತಿ ಬಿಟ್ಟು ಬೇರೆ ಕಾರು ನೋಡುವುದೇ ಇಲ್ಲವಲ್ಲ, ಯಾಕೆ?" ಎಂದು ಕೇಳಿದ್ದೀರಿ. ಆ ಕೆಲವರಲ್ಲಿ ನಾನೂ ಒಬ್ಬ. ನಾವು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು. 1994ರಲ್ಲಿ ಅಪ್ಪ ಸೆಕೆಂಡ್ ಹ್ಯಾಂಡ್ ಮಾರುತಿ 800 ತಂದಂದಿನಿಂದ ನಮ್ಮ ಅಂಗಳದಲ್ಲಿ ಬೇರೆ ಕಂಪನಿಯ ಕಾರು ನಿಂತಿಲ್ಲ.

ಅಪ್ಪನ ಕಾಲದಲ್ಲಿ ಕಾರು ಅಂದರೆ ಅಂಬಾಸಿಡರ್, ಇಲ್ಲವೇ ಫಿಯೆಟ್. ಎರಡೂ ಸಾಹುಕಾರರ ಮನೆಯವು. 1983ರ ಡಿಸೆಂಬರ್‌ನಲ್ಲಿ ಇಂದಿರಾ ಗಾಂಧಿ ಮೊದಲ 800ರ ಕೀ ಕೊಟ್ಟಾಗ ಅದರ ಬೆಲೆ 47,500 ರೂಪಾಯಿಯ ಆಸುಪಾಸಿನಲ್ಲಿತ್ತು. ನಮಗೂ ಒಂದು ದಿನ ಕಾರು ಬರಬಹುದು ಅಂತ ಅಪ್ಪನಿಗೆ ಅನಿಸಿದ್ದು ಆಗ. ಅದು ಬರಲು ಹನ್ನೊಂದು ವರ್ಷ ಹಿಡಿಯಿತು.

2001ರಲ್ಲಿ ಮಾರುತಿಯದ್ದೇ ಓಮ್ನಿ ವ್ಯಾನ್ ಬಂತು. ಬೆಳಿಗ್ಗೆ ಹಿಂದಿನ ಸೀಟು ಬಿಚ್ಚಿ ಅಡಿಕೆ ಮೂಟೆ ತುಂಬಿಕೊಂಡು ಮಂಡಿಗೆ ಹೋಗುವುದು, ಸಂಜೆ ಸೀಟು ಜೋಡಿಸಿ ಮದುವೆ ಮನೆಗೆ. 2009ರ ಮಳೆಗಾಲದಲ್ಲಿ ಹೊರನಾಡಿನಿಂದ ವಾಪಸ್ ಬರುವಾಗ, ಬಾಳೆಹೊನ್ನೂರು ದಾಟಿದ ಮೇಲೆ, ರಾತ್ರಿ ಹತ್ತರ ಹೊತ್ತಿಗೆ ಗಾಡಿ ನಿಂತಿತು. ಅಮ್ಮನಿಗೆ ಜ್ವರ ಬೇರೆ. ರಸ್ತೆ ಪಕ್ಕದ ಮನೆಯವರು ಮೆಕ್ಯಾನಿಕ್ ಹುಡುಗನೊಬ್ಬನನ್ನು ಎಬ್ಬಿಸಿಕೊಂಡು ಬಂದರು. ಅವನು ತಲೆಗೆ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು, ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಮುಂದಿನ ಸೀಟು ಎತ್ತಿದ. ಓಮ್ನಿಯ ಇಂಜಿನ್ ಇರುವುದೇ ಸೀಟಿನ ಕೆಳಗೆ. ಮನೆಯ ಕೊಟ್ಟಿಗೆಯ ಇಲಿ ವೈರ್ ಕಡಿದು ಹಾಕಿತ್ತು. ಬ್ಲೇಡಿನಲ್ಲಿ ವೈರಿನ ತುದಿ ಕೆರೆದು, ಹೊಸೆದು, ಟೇಪ್ ಸುತ್ತಿದ. ಇಪ್ಪತ್ತೇ ನಿಮಿಷ. "800ಕ್ಕೂ ಇದಕ್ಕೂ ಒಂದೇ ಇಂಜಿನ್ ಮಾರಾಯ್ರೆ, ಕಣ್ಣು ಮುಚ್ಚಿ ಬಿಚ್ತೀನಿ" ಅಂದ. ಐವತ್ತು ರೂಪಾಯಿ ತೆಗೆದುಕೊಂಡ.

ನನ್ನ ನಿಷ್ಠೆ ಅಂತ ಏನಿದೆಯೋ ಅದು ಆ ಹುಡುಗನ ಮೇಲಿನದು. 796 ಸಿಸಿಯ ಆ ಮೂರು ಸಿಲಿಂಡರ್ ಇಂಜಿನ್ ಬಿಚ್ಚಿ ಜೋಡಿಸುತ್ತಲೇ ಕಸುಬು ಕಲಿತವರು ಮಲೆನಾಡಿನ ಊರೂರಲ್ಲೂ ಇದ್ದರು. ಪಾರ್ಟ್ಸ್ ಕೂಡ ಪೇಟೆಯಲ್ಲೇ ಸಿಗುತ್ತಿತ್ತು. ಮೊಬೈಲ್ ಸಿಗ್ನಲ್ಲೇ ಇಲ್ಲದ ಘಟ್ಟದಲ್ಲಿ ಓಡಾಡುವವರಿಗೆ ಇದರ ಬೆಲೆ ಗೊತ್ತು. 2011ರಲ್ಲಿ ವ್ಯಾಗನ್ ಆರ್ ತಂದಾಗ ನಾನು ಬೇರೆ ಶೋರೂಮ್ ಮೆಟ್ಟಿಲು ಹತ್ತಲೇ ಇಲ್ಲ.

ಇನ್ನು ಕೊರತೆ. ಅದನ್ನು ಮುಚ್ಚಿಡುವುದಿಲ್ಲ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನವರು (ಕಾರು ಗುದ್ದಿಸಿ ಸುರಕ್ಷತೆ ಅಳೆಯುವ ಸಂಸ್ಥೆ) ಮಾರುತಿಯ ಆಲ್ಟೊ 800 ಕಾರನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸಿದಾಗ ಐದು ಸ್ಟಾರ್‌ಗೆ ಸಿಕ್ಕಿದ್ದು ಸೊನ್ನೆ. ಅದೇ ವರ್ಷ ಏರ್‌ಬ್ಯಾಗ್ ಇಲ್ಲದ ಸ್ವಿಫ್ಟ್‌ಗೂ ಸೊನ್ನೆ. 2020ರಲ್ಲಿ ಎಸ್-ಪ್ರೆಸ್ಸೊಗೂ ಸೊನ್ನೆ. 2023ರಲ್ಲಿ ಹೊಸ ವ್ಯಾಗನ್ ಆರ್‌ಗೆ ಒಂದೇ ಸ್ಟಾರ್. ಆ ವಿಡಿಯೊ ನನಗೆ ತೋರಿಸಿದ್ದು ಮಗಳು. ಸೀಟಿನಲ್ಲಿ ಮನುಷ್ಯರ ಬದಲು ಕೂರಿಸಿದ ಗೊಂಬೆಯ ತಲೆ ಮುಂದಕ್ಕೆ ಬಾಗುವುದನ್ನು ನಿಧಾನಗತಿಯಲ್ಲಿ ನೋಡಿದೆ. ನಮ್ಮದು ಅದಕ್ಕಿಂತ ಹಳೆಯ ಮಾಡೆಲ್ಲು. ಆ ಸೀಟಿನಲ್ಲಿ ದಿನಾ ಕೂರುವವಳು ನನ್ನ ಹೆಂಡತಿ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಬೇಸರ ಕಂಪನಿಯ ಮೇಲೆ ಮಾತ್ರ ಅಲ್ಲ. ಮೂವತ್ತು ವರ್ಷ ನಾನು ಕೇಳಿದ್ದು ಒಂದೇ ಪ್ರಶ್ನೆ: "ಮೈಲೇಜ್ ಎಷ್ಟು ಕೊಡುತ್ತೆ?" ನನ್ನಂಥ ಲಕ್ಷಾಂತರ ಜನ ಅಷ್ಟನ್ನೇ ಕೇಳಿದ್ದಕ್ಕೆ ಉಳಿದದ್ದು ಹಿಂದೆ ಬಿತ್ತು. ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಬರಬೇಕಾದರೆ ಸರ್ಕಾರವೇ ಕಡ್ಡಾಯ ಮಾಡಬೇಕಾಯಿತು.

ಹಾಗಾಗಿ ಈ ಸಲ ಕಂಪನಿ ಬದಲಿಸುವುದೆಂದೇ ತೀರ್ಮಾನಿಸಿದ್ದೆ. ಬೇರೆ ಎರಡು ಕಾರು ಓಡಿಸಿಯೂ ನೋಡಿದೆ. ಅಷ್ಟರಲ್ಲಿ 2024ರ ನವೆಂಬರ್‌ನಲ್ಲಿ ಮಾರುತಿಯದ್ದೇ ಹೊಸ ಡಿಜೈರ್‌ಗೆ ಅದೇ ಗ್ಲೋಬಲ್ ಎನ್‌ಕ್ಯಾಪ್ ದೊಡ್ಡವರ ಸುರಕ್ಷತೆಯಲ್ಲಿ ಐದು ಸ್ಟಾರ್ ಕೊಟ್ಟಿತು. ಶೋರೂಮಿನಲ್ಲಿ ಮೈಲೇಜ್ ವಿಚಾರ ಎತ್ತದೆ, ಆರು ಏರ್‌ಬ್ಯಾಗ್ ಎಲ್ಲ ವೇರಿಯಂಟ್‌ನಲ್ಲೂ ಇವೆಯಾ ಅಂತ ಕೇಳಿದೆ. ಇವೆ ಅಂದರು, ಬುಕ್ ಮಾಡಿದೆ.

ನಿಮ್ಮ ಓಡಾಟ ಹೈವೇಯಲ್ಲೇ ಆದರೆ, ಯಾವ ಕಂಪನಿಯದ್ದೇ ಇರಲಿ, ನೀವು ಕೊಳ್ಳುವ ಮಾಡೆಲ್ಲಿಗೆ ಎಷ್ಟು ಸ್ಟಾರ್ ಬಂದಿದೆ ಅಂತ ಮೊದಲು ನೋಡಿ. ಒಂದು ಮಾಡೆಲ್ಲಿಗೆ ಬಂದ ಅಂಕ ಇನ್ನೊಂದಕ್ಕೆ ಲಾಗೂ ಆಗುವುದಿಲ್ಲ. ನಮ್ಮ ವ್ಯಾಗನ್ ಆರ್ ಈಗ ತೋಟದ ಮನೆಯಿಂದ ಪೇಟೆಗಷ್ಟೇ ಹೋಗುತ್ತದೆ. ಮಗಳು ಶಿವಮೊಗ್ಗಕ್ಕೆ ಕಾಲೇಜಿಗೆ ಹೊರಟರೆ ಡಿಜೈರ್ ಕೀಯನ್ನೇ ಕೊಡುತ್ತೇನೆ.